ಒಂದೇ ಪೈಪು

ಲಗ್ಗೆರೆಯಿಂದ ಆಸ್ಪತ್ರೆಗೆ ಇಪ್ಪತ್ತಮೂರು ಹಂಪು.
ಹನ್ನೆರಡು ವರ್ಷದಿಂದ ಆಟೋ ಓಡಿಸುತ್ತೇನೆ, ಎಣಿಸಿರಲಿಲ್ಲ.
ಈಗ ನಿದ್ದೆಯಲ್ಲೂ ಹೇಳಬಲ್ಲೆ:
ಮರದ ಮಿಲ್ಲಿನ ಮುಂದೆ ರಾತ್ರೋರಾತ್ರಿ ಯಾರೋ ಹಾಕಿದ್ದು,
ಬಣ್ಣವಿಲ್ಲ, ಬೋರ್ಡಿಲ್ಲ.
ರಿಂಗ್ ರೋಡಿನ ಕೆಳಗೆ ಜೋಡಿ,
ಒಂದು ಎತ್ತರ, ಒಂದು ಗಿಡ್ಡ.

ಬಸುರಿಯನ್ನು ಎರಡು ಜೀವ ಅನ್ನುತ್ತಾರೆ.
ದಾಕ್ಷಾಯಿಣಿ ಮೂರು.
ಅಂಟಿದ ಬಾಳೆಹಣ್ಣು ತಿಂದೆಯೇನೇ, ಕೇಳಿದಳು ನಮ್ಮವ್ವ.
ತಿಂದದ್ದು ನಿಮ್ಮ ಮಗ, ಅಂದಳು ಇವಳು.

ಡಾಕ್ಟರ್ ಫರ್ಹಾನಾ, ಸಣ್ಣ ಆಳು, ದೊಡ್ಡ ದನಿ,
ಚೀಟಿಯ ಹಿಂದೆ ಎರಡು ಸೊನ್ನೆ ಬರೆದು
ಎರಡಕ್ಕೂ ಒಂದೇ ಮಾಸು ಅಂದರು.
ನನಗೆ ತಿಳಿಯಲಿಲ್ಲ.
‘ನಿಮ್ಮ ವಠಾರಕ್ಕೆ ಕಾವೇರಿ ನೀರು ಹೇಗೆ ಬರುತ್ತೆ?’
ಒಂದೇ ಪೈಪು ಮೇಡಂ, ಕೆಳಗಿನ ಮನೆಗೂ ನಮಗೂ.
‘ಸಮವಾಗಿ ಬರುತ್ತಾ?’

ಕೆಳಗಿನವರ ಸಂಪು ತುಂಬಿ ಮೋರಿಗೆ ಹರಿಯುವಾಗ
ನಮ್ಮ ನಲ್ಲಿ ಬರೀ ಗಾಳಿ ಕೆಮ್ಮುತ್ತದೆ.
ತಿಳಿಯಿತು ಆಗ.

‘ಹದಿನೈದು ದಿನಕ್ಕೊಮ್ಮೆ ಸ್ಕ್ಯಾನು.
ಹಬ್ಬ ಇರಲಿ, ಬಂದ್ ಇರಲಿ.’

ಹೋದೆವು. ಚೆನ್ನಾಗಿದೆ ಅಂದರು.
ಮತ್ತೆ ಹೋದೆವು. ಚೆನ್ನಾಗಿದೆ.
ಅರ್ಧ ದಿನದ ಬಾಡಿಗೆ ಬಿಟ್ಟು
ಇದನ್ನು ಕೇಳೋಕೆ ಇಷ್ಟು ದೂರವಾ ಅಂತ
ನನ್ನೊಳಗೊಂದು ಮೀಟರು ಓಡುತ್ತಲೇ ಇತ್ತು,
ಸುಳ್ಳೇಕೆ ಹೇಳಲಿ.

ಆರನೇ ತಿಂಗಳಿಗೆ ಗಾರ್ಮೆಂಟ್ಸ್ ಬಿಡಿಸಿದೆ.
ಕಬ್ಬಿಣದ ಮಾತ್ರೆ ಹಗಲಿಗೆ, ಪುಟ್ಟ ಬಿಳಿಯದು ರಾತ್ರಿಗೆ,
ಎಡಮಗ್ಗುಲ ನಿದ್ದೆ, ಅದೂ ತುಂಡು ತುಂಡು.
ಆಶಾ ಸರಸವಾಣಿ ತೋಳಿಗೆ ಪಟ್ಟಿ ಸುತ್ತಿ
ಬಿಪಿಯನ್ನು ನಮ್ಮ ಕ್ಯಾಲೆಂಡರಿನಲ್ಲೇ ಬರೆಯುತ್ತಿದ್ದಳು,
ಹಾಲಿನ ಲೆಕ್ಕದ ಪಕ್ಕ.
ತಲೆ ಸಿಡಿದರೆ, ಮುಖ ಊದಿದರೆ, ಕಣ್ಣು ಮಂಜಾದರೆ
ಬೆಳಗಾಗಲಿ ಅನ್ನಬೇಡಿ ಅಣ್ಣ.
ಹೋಗುವಾಗ ಪ್ರತಿ ಸಲವೂ ಇದೇ ಮಾತು,
ಚಪ್ಪಲಿ ಮೆಟ್ಟುತ್ತಾ.

ಮೂವತ್ತಮೂರನೇ ವಾರ. ರಾತ್ರಿ ಎರಡೂವರೆ.
ಬಲ್ಬಿನ ಸುತ್ತ ಜರಿ ಕಾಣ್ತಿದೆ ಅಂದಳು.
ದೃಷ್ಟಿ ಕಣೋ, ಉಪ್ಪು ಮೆಣಸಿನಕಾಯಿ ನೀವಾಳಿಸ್ತೀನಿ,
ಬೆಳಗಾಗಲಿ, ಅಂದಳು ಅವ್ವ.
ನೀವಾಳಿಸವ್ವ, ಆಟೋದಲ್ಲೇ ನೀವಾಳಿಸು.

ಇಪ್ಪತ್ತಮೂರು.
ಓಡಿಸುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ.
ಒಂದೊಂದಕ್ಕೂ ಕೈ ಮುಗಿದಂತೆ
ಮುಂದಿನ ಚಕ್ರ, ಆಮೇಲೆ ಹಿಂದಿನ ಎರಡು.
ಹಿಂದೆ ಅವ್ವ ಮುಷ್ಟಿಯಲ್ಲಿ ಉಪ್ಪು ಹಿಡಿದೇ ಕೂತಿದ್ದಳು,
ಆಸ್ಪತ್ರೆಯ ಬಾಗಿಲವರೆಗೂ.

ನೂರ ಅರವತ್ತೆಂಟು, ನೂರ ಹತ್ತು.
ಫಿಟ್ಸು ಬಾರದಿರಲೆಂದು ಒಂದು ಸೂಜಿ,
ನರದಲ್ಲಿ ಕೆಂಡ ಹರಿದ ಹಾಗೆ ಅಂದಳು.
ಮಕ್ಕಳ ಶ್ವಾಸಕೋಶ ಬಲಿಯಲೆಂದು ಇನ್ನೊಂದು,
ಮಾರನೇ ದಿನ ಮತ್ತೊಂದು. ಮೂರನೇ ದಿನ ಆಪರೇಷನ್.
ಬೇಗ ಬಂದ್ರಿ, ಅಂದರು ಡಾಕ್ಟರು.
ಅಷ್ಟೇ ಅಂದದ್ದು.

ಹೆಣ್ಣುಮಕ್ಕಳು.
ಒಂದು ಕೇಜಿ ಒಂಬೈನೂರು,
ಒಂದು ಕೇಜಿ ನಾನೂರ ಐವತ್ತು.
ನನ್ನ ಖಾಕಿಯ ಗುಂಡಿ ಬಿಚ್ಚಿಸಿ
ಚಿಕ್ಕದನ್ನು ಎದೆಗೆ ಕಟ್ಟಿದರು ನರ್ಸು.
ಉಸಿರು ಬಿಡಲೂ ಹೆದರಿಕೆ.
ನನ್ನ ಉಸಿರಿಗೆ ಅದೂ ಏಳುತ್ತಿತ್ತು, ಇಳಿಯುತ್ತಿತ್ತು.
ಪಕ್ಕದ ಮಂಚದಿಂದ ದಾಕ್ಷಿ: ಮೆಲ್ಲಗೆ ಓಡಿಸಿ.

ಇವತ್ತು ನೀರು ಬಿಟ್ಟರು, ಬೆಳಗಿನ ನಾಲ್ಕಕ್ಕೆ.
ಕೆಳಗಿನವರ ಬಾಗಿಲು ತಟ್ಟಿದೆ.
ಜಗಳಕ್ಕಲ್ಲ ಗಿರಿಜಕ್ಕ,
ಮೋಟರು ಸ್ವಲ್ಪ ಹೊತ್ತು ನಿಲ್ಲಿಸಿ.
ಬಟ್ಟೆ ಒಗೆಯಬೇಕು,
ಇಬ್ಬರದು.