ಎರಡು ಎಚ್‌ಗಳ ಲೆಕ್ಕ

ಪಿರ್ಗೋಸಿನಲ್ಲಿ ಅಕ್ಷರಕ್ಕಿಷ್ಟು ಎಂದು ರೇಟು.
ಬರೀ ಕೊರೆದರೆ ನಾಲ್ಕು ಯೂರೋ,
ಸೀಸ ತುಂಬಿದರೆ ಐದೂವರೆ.
ಹಾಗಾಗಿ ಈ ದ್ವೀಪದಲ್ಲಿ
ಸತ್ತವರೆಲ್ಲ ಮಿತಭಾಷಿಗಳು.

ಯಕುಮಿಸ್‌ಗೆ ಎಪ್ಪತ್ತೊಂದು,
ಹನ್ನೆರಡಕ್ಕೇ ಉಳಿ ಹಿಡಿದವನು.
ಮಂಗಳವಾರ ಮಂಗಳವಾರ ನಾನು ಬಸ್ಸಿಳಿದು
ಅವನ ಕಮ್ಮಟದ ಬಿಳಿ ಧೂಳಿನಲ್ಲಿ ಕೂತು
ಇಂಗ್ಲಿಷ್ ಹೇಳಿಕೊಡುತ್ತೇನೆ.
ಈ ವಯಸ್ಸಿಗೆ ಯಾಕೆ ಎಂದು ಕೇಳಿದ್ದಕ್ಕೆ,
"ಏನು ಕೊರೆದೆ ಅಂತಲೇ ಗೊತ್ತಿಲ್ಲದೆ
ನಲವತ್ತು ಪರದೇಶಿಗಳನ್ನು ಮಣ್ಣು ಮಾಡಿದ್ದೇನೆ.
ಇನ್ನು ಸಾಕು."

ಈ ವಾರದ ಪಾಠ ಒಂದು ಚಪ್ಪಡಿ:
ಎಡ್ವಿನ್ ಪಾರ್ಮಿಟರ್, ಫೋಟೋಗ್ರಾಫರ್.
ಕತ್ತೆ, ಪಾರಿವಾಳದ ಗೋಪುರ,
ಅಂಜೂರ ಒಣಹಾಕುವ ಮುದುಕಿಯರ ಮೊಣಕೈ,
ಹದಿನೆಂಟು ಬೇಸಗೆ ಇವನ್ನೇ ತೆಗೆದು
ಇಲ್ಲೇ ತೀರಿಕೊಂಡವರು.
ಪೆನ್ಸಿಲ್ ಗೆರೆಯ ಮೇಲೆ ಬೆರಳೋಡಿಸಿ ಯಕುಮಿಸ್ ತಡೆದ.

"ಫೋಟೋ ನಮ್ಮದು, ಬೆಳಕು.
ಗ್ರಾಫೂ ನಮ್ಮದೇ.
ನಡುವೆ ಈ ಎಚ್ ಯಾರ ಮನೆಯದು?"

ನಮ್ಮ ಫಿ ಒಂದೇ ಅಕ್ಷರ,
ಹೊಟ್ಟೆಗೆ ಕಂಬ ನೆಟ್ಟ ಸೊನ್ನೆ.
ಅದು ಕೈಗೆ ಒಗ್ಗದೆ ರೋಮಿನವರು
ಪಿ ಎಂಬುದಕ್ಕೆ ಒಂದು ಉಸಿರು ಅಂಟಿಸಿದರು,
ಆ ಉಸಿರೇ ಎಚ್, ಎಂದೆ.

"ಉಸಿರಿಗೆ ದುಡ್ಡು ಕೇಳುವುದೇ?
ಅದೂ ಸತ್ತವನ ಹತ್ತಿರ?"

ಉಪ್ಪುಕಾಗದದ ಬೆನ್ನಿಗೆ ಒಂದೊಂದೇ ಬರೆದೆ.
ಟೆಲಿಗ್ರಾಫ್:
ದೂರದ ಗೀರು, ಅಂದ. ಅವನಪ್ಪ ಹಡಗಿನಲ್ಲಿ ಸತ್ತ ಸುದ್ದಿ
ಅದರಲ್ಲೇ ಬಂದದ್ದು. ಆರು ಪದ.
ಅಲ್ಲಿಯೂ ಪದಕ್ಕಿಷ್ಟು.
ಸೀಸ್ಮೋಗ್ರಾಫ್:
ಒಮ್ಮೆ ಕಡಲಡಿ ನಡುಗಿದಾಗ ಅವ್ವ ತಿಂಗಳಿಡೀ
ತಟ್ಟೆಗಳನ್ನು ಕಪಾಟಿಗೆ ಏರಿಸಲೇ ಇಲ್ಲ.
ಪ್ಯಾರಾಗ್ರಾಫ್ ಎಂದರೆ
ಹಿಂದೆ, ಸಾಲಿನ ಪಕ್ಕ ಎಳೆಯುತ್ತಿದ್ದ ಪುಟ್ಟ ಗೆರೆ.
ಆಟೋಗ್ರಾಫ್‌ಗೆ ಮಾತ್ರ ನಕ್ಕ:
ಊರಿನವರ ಹೆಸರೆಲ್ಲ ಕೊರೆದಿದ್ದೇನೆ,
ನನ್ನದನ್ನು ಕೊರೆಯುವವನು ಇನ್ನೂ ಕೆಲಸ ಕಲಿಯುತ್ತಿದ್ದಾನೆ.

ಗ್ರಾಫೋ ಎಂದರೆ ಬರೆಯುವುದು, ಎಂದು ಮುಗಿಸಹೋದೆ.
"ಅಲ್ಲ ಟೀಚರಮ್ಮ. ಶಾಯಿ ಬಂದದ್ದು ನಿನ್ನೆ ಮೊನ್ನೆ.
ಮೊದಲು ಗೀರಿದ್ದು, ತರಚಿದ್ದು.
ಬರೆಯುವುದೆಂದರೆ ಬರೆ ಹಾಕುವುದು.
ನೋವಾಗದ್ದು ನಿಲ್ಲುವುದಿಲ್ಲ."

ಎದ್ದು ಹೋಗಿ ಕ್ಯಾಲೆಂಡರಿನ ಹಿಂದಿನಿಂದ
ಒಂದು ಕಪ್ಪು ಹಾಳೆ ತಂದ.
"ಇದಕ್ಕೇನನ್ನುತ್ತಾರೆ?"
ರೇಡಿಯೋಗ್ರಾಫ್, ಎಂದೆ, ಮೆಲ್ಲಗೆ.
ಕಿಟಕಿಗೆ ಹಿಡಿದ. ಅವನ ಪಕ್ಕೆಲುಬುಗಳ ಆಚೆ ಕಡಲು,
ಎಡ ಶ್ವಾಸಕೋಶದ ಮೂಲೆಯಲ್ಲಿ ಒಂದು ದೋಣಿ,
ಅಲ್ಲಲ್ಲಿ ಕೂದಲೆಳೆಯ ಬಿಳಿ ಗೀರು.

"ಅರವತ್ತು ವರ್ಷ ನಾನು ಕಲ್ಲಿನ ಮೇಲೆ ಬರೆದೆ,
ಕಲ್ಲು ಸುಮ್ಮನಿದ್ದೀತೇ?"
ಕಣ್ಣು ಕಿರಿದು ಮಾಡಿ, ಹೊಸ ಹುಡುಗನ ಕೆಲಸ ನೋಡುವಂತೆ ನೋಡಿ,
"ಕೈ ಪರವಾಗಿಲ್ಲ.
ಸಾಲು ಕೊಂಚ ಓರೆ."

ಮುಂದಿನ ಮಂಗಳವಾರ ಮಿಸೆಸ್ ಪಾರ್ಮಿಟರ್ ಬಂದರು.
ಕೈಚೀಲ ಕೆಳಗಿಟ್ಟು, ಕೊರೆದ ಪ್ರತಿ ಅಕ್ಷರದ ಒಳಗೂ
ಬೆರಳಿಳಿಸಿ ಎಣಿಸಿದರು.
ಫೋಟೋಗ್ರಾಫರ್: ಹನ್ನೆರಡು.
ಚೀಟಿಯಲ್ಲಿ ಹತ್ತೇ ಇದೆ?
ಯಕುಮಿಸ್ ಎಚ್‌ಗಳನ್ನು ಮುಟ್ಟಿ ತೋರಿಸಿ,
ನಾನು ಕಲಿಸಿದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ
"ಉಸಿರು, ಪುಕ್ಕಟೆ" ಅಂದ.
ಅವರಿಗೇನು ತಿಳಿಯಿತೋ.
ಬಹಳ ಹೊತ್ತು ಕಲ್ಲಿನ ಹಣೆಯ ಮೇಲೆ ಅಂಗೈ ಇಟ್ಟುಕೊಂಡಿದ್ದು
ಎಂಟು ಯೂರೋ ಹೆಚ್ಚಿಗೆ, ಉಳಿಗಳ ಪಕ್ಕ ಇಟ್ಟು ಹೋದರು.

ಆ ಎರಡು ಎಚ್‌ಗಳನ್ನು ನಾವು
ಚೌಕದ ಮರದಡಿ ಕೂತು ಕಾಫಿಯಾಗಿ ಕುಡಿದೆವು.
ಬಿಸಿಯಿತ್ತು.
ಅವನು ಊದಿದ, ತಡೆದ,
ಕೆಮ್ಮಿದ,
ಮತ್ತೆ ಊದಿದ.