ರಾಡು ಹಿಡಿದ ಕೈಯ ಕೆಳಗೆ

ಪಿರಿಯಾಪಟ್ಟಣದ ಬಸ್ಸಿನಲ್ಲಿ ನನ್ನ ಕೆಲಸವೇ
ಕೈ ಎತ್ತುವುದು.
ಎಡಗೈ ರಾಡಿಗೆ, ಬಲಗೈ ಟಿಕೆಟ್ ಮೆಷಿನ್ನಿಗೆ,
ಕೂತವರ ಮೂಗು ಸರಿಯಾಗಿ
ನನ್ನ ಕಂಕುಳ ಮಟ್ಟಕ್ಕೆ.
ಇಲವಾಲದಲ್ಲಿ ಹತ್ತಿದ ಟೀಚರು
ಚಿಲ್ಲರೆ ಎಣಿಸಿ ಕೊಟ್ಟು, ಕಿಟಕಿ ಸರಿಸಿದರು.
ನಾನು ಏನೂ ಅನ್ನಲಿಲ್ಲ.
ಬಿಳಿಕೆರೆ ದಾಟುವ ತನಕ ಗಾಳಿಗೆ
ಅವರ ಸೆರಗು ನನ್ನ ಮುಖಕ್ಕೇ ಹೊಡೆಯುತ್ತಿತ್ತು.

ಮಾಡದ್ದೇನೂ ಉಳಿದಿಲ್ಲ.
ಕಡಲೆಹಿಟ್ಟು, ನಿಂಬೆಹೋಳು, ಪಟಿಕದ ತುಂಡು,
ಡಿಪೋದ ಗೆಳತಿ ಕೊಟ್ಟ ನೀಲಿ ಡಬ್ಬಿಯ ಸ್ಪ್ರೇ:
ಹುಣಸೂರಿನವರೆಗೆ ಮಲ್ಲಿಗೆ,
ಆಮೇಲೆ ಮಲ್ಲಿಗೆ ಮುಡಿದ ಅದೇ ನಾನು.

ಅಪ್ಪ ಹೊಗೆಸೊಪ್ಪಿನ ಬ್ಯಾರನ್ನಿಗೆ ಬೆಂಕಿ ಕಾಯುತ್ತಿದ್ದ.
ರಾತ್ರಿಯೆಲ್ಲ ಸೌದೆ ಒಟ್ಟಿ, ಕೋಳಿ ಕೂಗುವಾಗ ಬಂದು ಮಲಗಿದರೆ
ಅವ್ವ ಹೇಳುವಳು, "ಅದು ಸೊಪ್ಪಿನ ವಾಸ್ನೆ ಕಣ್ರಪ್ಪ",
ಮನೆಗೆ ಬಂದವರಿಗೆಲ್ಲ, ಅವರು ಕೇಳದಿದ್ದರೂ.
ಬ್ಯಾರನ್ ಬಿಟ್ಟು ಆರು ವರ್ಷ
ಹೈಸ್ಕೂಲಿನ ಗೇಟು ಕಾದ.
ವಾಸನೆ ಕೆಲಸ ಬಿಡಲಿಲ್ಲ.
ಪಾಪ, ಸೊಪ್ಪಿನ ಮೇಲೆ ಸುಮ್ಮನೆ ಹೊರಿಸಿದ್ದೆವು.

ಹಾರನ್ನಿನ ಕಡೆಯ ಕಿವಿ ಕಟ್ಟಿಕೊಂಡಿತೆಂದು
ಮೈಸೂರಿನ ದೊಡ್ಡಾಸ್ಪತ್ರೆಗೆ ಹೋದೆ.
ಮೀಸೆ ಬಲಿಯದ ಡಾಕ್ಟರು ಬೆಚ್ಚನೆ ನೀರು ಬಿಟ್ಟು
ಜೋನಿಬೆಲ್ಲದಂಥ ಗುಗ್ಗೆ ತೆಗೆದು ಟ್ರೇಗೆ ಹಾಕಿ,
ತಾವೇ ನಾಚಿಕೊಂಡು ಹೇಳಿದರು:
ಗುಗ್ಗೆ ಅಂಟಾಗಿದ್ದವರಿಗೆ ಕಂಕುಳೂ ನಾರುತ್ತದೆ,
ಎರಡೂ ಒಂದೇ ಜೀನಿನ ಕೆಲಸ.
ಅದರಲ್ಲೊಂದು ಅಕ್ಷರ ಬೇರೆಯಾಗಿ,
ಅಪ್ಪನಿಂದಲೂ ಅವ್ವನಿಂದಲೂ ಹಾಗೇ ಬಂದರೆ
ಕಿವಿಯಲ್ಲಿ ತೌಡು, ಕಂಕುಳಲ್ಲಿ ಬರೀ ನೀರು.
"ಕೊಳಕಲ್ಲಮ್ಮ ಇದು," ಅಂದರು.
ಅಷ್ಟು ಕೇಳಿಸಿಕೊಳ್ಳಲು
ಕಿವಿ ಬಿಟ್ಟದ್ದು ಒಳ್ಳೆಯದಾಯಿತು.

ಒಂದಕ್ಷರ!
ಮೂರನೇ ಕ್ಲಾಸಿನಲ್ಲಿ ಮಹಾಪ್ರಾಣ ನುಂಗಿ
ಗಂಧವನ್ನು "ಗಂದ" ಎಂದು ಬರೆದದ್ದಕ್ಕೆ
ಮೇಷ್ಟ್ರು ಗೆಣ್ಣಿನ ಮೇಲೆ ಹೊಡೆದಿದ್ದರು.
ಅಲ್ಲಿ ಬಳಪ ನನ್ನ ಕೈಲಿತ್ತು.

ಬೈಲುಕುಪ್ಪೆಯ ಯಾಂಗ್ಚೆನ್ ಅಕ್ಕ
ಸ್ವೆಟರಿನ ಗಂಟು ಹೊತ್ತು ಬಂದು
ಎಂಜಿನ್ ಪಕ್ಕದ ಬಿಸಿ ಸೀಟಿನಲ್ಲೇ ಕೂರುತ್ತಾರೆ,
ನೂಕುನುಗ್ಗಲಿನಲ್ಲೂ ಏನೂ ವಾಸನೆಯಿಲ್ಲ.
ಒಂದು ದಿನ ಬಗ್ಗಿ ಕೇಳಿಯೇಬಿಟ್ಟೆ, ಏನು ಹಚ್ತೀರಿ?
ಅವರು ನಕ್ಕರು. ಏನೂ ಇಲ್ಲ.
ಕಿವಿ? ಹೊಟ್ಟು ಹೊಟ್ಟು, ಊದಿದರೆ ಹಾರುತ್ತೆ.
"ನನ್ನ ಮಗ ಟೀವಿ ನೋಡಿ ಒಂದು ಡಬ್ಬಿ ತಂದಿದಾನೆ.
ನೊಣಕ್ಕೆ ಹೊಡೀತಾನೆ."

ಮಗಳು ಪ್ರಣೀತಳಿಗೆ ಈಗ ಹದಿಮೂರು.
ಮೊನ್ನೆ ಪಿ.ಟಿ. ಅಂಗಿಯ ತೋಳು ಮೂಸಿದಳು,
ಬಾಗಿಲಿಗೆ ನೇತುಹಾಕಿದ ನನ್ನ ಖಾಕಿ ಮೂಸಿದಳು,
ಆಮೇಲೆ ನನ್ನ ಮುಖ ನೋಡಿದಳು.
ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ,
ತೌಡು, ಜೋನಿಬೆಲ್ಲ, ಅಕ್ಷರ.
ಹಿಂದಿನ ಜನ್ಮದಿಂದ ಬರುವುದಕ್ಕೂ
ನಮ್ಮವರು ವಾಸನೆ ಅಂತಲೇ ಅಂದರು, ನೋಡು, ಅಂದೆ.
ಅವಳು ಕೇಳಿದ್ದು ಒಂದೇ:
"ಅಂದ್ರೆ ತಾತ ಹಿಂಗೇ ಇದ್ರಾ?"
ಅವಳು ಹುಟ್ಟುವ ಮೊದಲೇ ಅಪ್ಪ ಹೋದ.
ಇರುವ ಒಂದು ಫೋಟೊದಲ್ಲಿ ಮುಖ ಅರ್ಧ ಬಿಸಿಲು.

ಹೌದು ಅಂದೆ.
ಅಂಗಿಯನ್ನು ಇನ್ನೊಮ್ಮೆ ಮೂಸಿ
ಬಕೆಟ್ಟಿಗೆ ಹಾಕಿ, ಸೋಪಿನಪುಡಿ ಸುರಿದು,
"ಆದ್ರೂ ನಂಗೊಂದು ರೋಲಾನ್ ಬೇಕವ್ವ.
ಮಲ್ಲಿಗೇದು ಬೇಡ."

ಹುಣಸೂರಿನಲ್ಲಿ ಹತ್ತು ನಿಮಿಷ ನಿಲ್ಲುತ್ತದೆ ಬಸ್ಸು.
ಅಂಗಡಿಯವನು ಕೇಳಿದ, ಯಾರಿಗಕ್ಕಾ,
ನಿಮಗೋ ಮಗಳಿಗೋ?