ಲಾಂಡ್ರಿಯ ಲೆಕ್ಕದ ಪುಸ್ತಕ

ಮೆಡಿಕಲ್ ಹುಡುಗರ ರಗ್ಬಿ ಕ್ಲಬ್ಬಿನ ಚರಿತ್ರೆ
ಎರಡು ಪುಟದಲ್ಲಿ ಬೇಕೆಂದೆ, ಎಮ್ರಿಸ್,
ನೂರಿಪ್ಪತ್ತೈದನೆಯ ವರ್ಷದ ಊಟಕ್ಕೆ.
ಗೆದ್ದ ಬಟ್ಟಲುಗಳ ಪಟ್ಟಿ ನಿನ್ನ ಹತ್ತಿರವೇ ಇದೆ,
ಕ್ಯಾಪ್ಟನ್ನರ ಹೆಸರು ಗೋಡೆಯ ಮೇಲೆ ಚಿನ್ನದಲ್ಲಿದೆ.
ನನ್ನ ಹತ್ತಿರ ಇರುವುದು ಇದೊಂದು:
ಸೋಡಾಪುಡಿ ತಿಂದು ಅಂಚು ಸವೆದ,
ಸೇಂಟ್ ಟೈಲೋ ಆಸ್ಪತ್ರೆಯ ಲಾಂಡ್ರಿ ಲೆಕ್ಕ.
ಕೂತುಕೋ. ಆ ಬುಟ್ಟಿ ಗಟ್ಟಿಯಿದೆ.

ಮೊದಲ ಕೈಬರಹ ಹನ್ನಾ ಬೆವನಳದು.
ಸಾವಿರದ ಎಂಟುನೂರ ತೊಂಬತ್ತೇಳು, ನವೆಂಬರ್:
"ಹುಡುಗರ ಅಂಗಿ ಹದಿನೈದು. ನೀಲಿ ಬಿಳಿ ಪಟ್ಟೆ.
ಕೆಸರು ಹೋಯಿತು. ವಾಸನೆ ಹೋಗಲಿಲ್ಲ."
ಹೆಣ ಕೊಯ್ಯುವ ಕೋಣೆಯಿಂದ ನೇರ ಮೈದಾನಕ್ಕೆ
ಅದೇ ಅಂಗಿಯಲ್ಲಿ ಓಡುತ್ತಿದ್ದರಂತೆ.
ಬಂದರಿನಲ್ಲಿ ಕಲ್ಲಿದ್ದಲು ಹೊರುವ ಗಟ್ಟಿಗರು,
ಯಾರಿಗೂ ಹೆದರದವರು,
ಇವರನ್ನು ತಬ್ಬಿ ಕೆಡವಲು ಮಾತ್ರ ಹೇಸಿ
ಮೂಗು ಮುಚ್ಚಿ ದಾರಿ ಬಿಟ್ಟರು.
ಮೊದಲ ಗೆಲುವು ಹಾಗೆ ಬಂತು. ಬರಕೋ,
ಊಟದ ಹೊತ್ತಿಗೆ ಓದಬೇಡ.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವಂತಿಲ್ಲ ಈ ಆಟದಲ್ಲಿ;
ಮೀಸೆ, ಕಿವಿ, ಬಾಯೊಳಗಿನ ಹಲ್ಲು, ಎಲ್ಲ ಮಣ್ಣೇ.
ವೇಲ್ಸಿನ ಈ ಮೂಲೆಯಲ್ಲಿ ಕೆಸರಿಗೇನು ಬರ.
ಭುಜ ಕಳಚಿ ಬಿದ್ದವನ ಸುತ್ತ
ಎರಡೂ ತಂಡ ಮಂಡಿಯೂರಿ,
"ಮೂರನೆಯ ವರ್ಷದವರು ಮುಂದೆ ಬನ್ನಿ" ಎಂದು
ಅವನದೇ ಭುಜದ ಮೇಲೆ ಪಾಠ.
ಅವನು ಕಿರುಚುತ್ತಲೇ ನರಗಳ ಹೆಸರು ತಿದ್ದುತ್ತಿದ್ದನಂತೆ.

ಇದು ಹದಿನಾರನೆಯ ಇಸವಿ. ನಿಧಾನ, ಹರಿಯುತ್ತದೆ.
"ಅಂಗಿ ಹದಿನೈದು. ಒಗೆದು ಮಡಿಸಿದೆ. ಕೇಳಿ ಬಂದವರಿಲ್ಲ."
ಮುಂದಿನ ವಾರ: "ಹದಿನೈದು. ಕೇಳಿ ಬಂದವರಿಲ್ಲ."
ಆಮೇಲೆ ಬ್ಯಾಂಡೇಜಿನ ಬಟ್ಟೆ ಸಾಲದೆ
ಮೇಟ್ರನ್ನಮ್ಮ ಕತ್ತರಿ ತಂದಳು.
ಮುರಿದ ತೋಳು ತೂಗುಹಾಕಿಕೊಂಡು ವಾರ್ಡಿನಲ್ಲಿ
ಯಾರುಯಾರೋ ಸಿಪಾಯಿಗಳು
ನೀಲಿ ಬಿಳಿ ಪಟ್ಟೆಯಲ್ಲಿ ಓಡಾಡಿದರು.
ಆ ವರ್ಷ ಕ್ಲಬ್ಬು ಆಡಲಿಲ್ಲ ಎಂದು ನಿಮ್ಮ ದಫ್ತರದಲ್ಲಿದೆ.
ಹನ್ನಾ ಒಪ್ಪುವುದಿಲ್ಲ: "ಅಂಗಿ, ಬಳಕೆಯಲ್ಲಿ."

ಈ ದುಂಡು ಅಕ್ಷರ ನನ್ನದು. ಅರವತ್ತೊಂಬತ್ತರಿಂದ.
ಹದಿನಾರು ವರ್ಷ ನನಗೆ, ಕೈಯೆಲ್ಲ ಬೊಕ್ಕೆ.
ಎಪ್ಪತ್ತೆಂಟರಲ್ಲಿ ಒಂದು ಅಂಗಿಯ ತೋಳು
ಒಳಮಡಿಚಿ ಹೊಲಿದಿತ್ತು;
ಆಪರೇಷನ್ನಿನ ಹೊಲಿಗೆ, ಅಚ್ಚುಕಟ್ಟು.
ನೆರಿಸ್ ಪ್ರೋಥರೋ. ಅಣ್ಣನ ಹೆಸರಿನಲ್ಲಿ
ಅಭ್ಯಾಸಕ್ಕೆ ಇಳಿಯುತ್ತಿದ್ದಳು, ಮಬ್ಬು ಸಂಜೆಗಳಲ್ಲಿ.
ನನಗೆ ಗೊತ್ತಿತ್ತು. "ಹದಿನಾರು" ಎಂದಷ್ಟೇ ಬರೆದೆ.
ಹೆಂಗಸರ ತಂಡ ಕಟ್ಟಲು ಇನ್ನೂ ಹದಿನೈದು ವರ್ಷ ಹಿಡಿಯಿತು ನಿಮಗೆ;
ಲಾಂಡ್ರಿ ಮೊದಲೇ ಎಣಿಸಿತ್ತು.

ಇನ್ನೊಬ್ಬ. ಹೆಸರು ಹೇಳುವುದಿಲ್ಲ,
ಈಗ ಅವನ ಸಹಿಗೆ ಇಡೀ ಆಸ್ಪತ್ರೆ ಕಾಯುತ್ತದೆ.
ಒಂದು ಗುರುವಾರ ರಾತ್ರಿ
ನೀನು ಕೂತಿರುವ ಬುಟ್ಟಿಯ ಮೇಲೇ ಬಂದು ಕೂತ.
ಅವನ ಕೈಯಲ್ಲಿ ಮೊದಲ ಸಲ ಒಂದು ಮಗು ಹೋಗಿತ್ತು.
ಯಂತ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು.
ನಾನು ದಿಂಬಿನ ಗವಸು ಮಡಿಸುತ್ತಲೇ ಇದ್ದೆ,
ಏನು ಹೇಳಲಿ, ನಾನು ಚಾಪೆಲ್ಲಿನ ಪಾದ್ರಿಯಲ್ಲ.
ಬೆಳಗಿನ ಜಾವ ಎದ್ದು ಕೇಳಿದ:
"ನನ್ನ ಅಂಗಿ ಒಣಗಿತೇ?"
ಒಣಗಿರಲಿಲ್ಲ. ಒದ್ದೆಯದನ್ನೇ ಹಾಕಿಕೊಂಡು ಹೋದ.
ಶನಿವಾರ ಸೋತರು, ನಲವತ್ತಕ್ಕೆ ಮೂರು.
ಪುಸ್ತಕದಲ್ಲಿ: "ಕೆಸರು, ವಿಪರೀತ."

ಬರುವ ಶುಕ್ರವಾರ ಈ ಬಾಗಿಲು ಮುಚ್ಚುತ್ತದೆ, ಗೊತ್ತಲ್ಲ.
ಇನ್ನು ಮೇಲೆ ಲಾರಿ ಬಂದು ಒಯ್ಯುತ್ತದೆ,
ಯಾವುದೋ ಊರಲ್ಲಿ ಹೋಟೆಲಿನ ಚಾದರದ ಜೊತೆ ತೊಳೆಯುತ್ತಾರಂತೆ.
ತೊಳೆಯಲಿ. ಯಂತ್ರಕ್ಕೆ ಯಾರ ಕೆಸರಾದರೇನು.
ಪುಸ್ತಕ ಮಾತ್ರ ಕೊಡುವುದಿಲ್ಲ, ಇಲ್ಲೇ ನಕಲು ಮಾಡಿಕೋ.

ಹಾಂ, ಊಟದ ದಿನ ಹಳಬರೆಲ್ಲ ಬರುತ್ತಾರಲ್ಲ,
ಭಾಷಣ ಮುಗಿದ ಮೇಲೆ ಎದ್ದು ಒಂದು ಮಾತು ಕೇಳು:
ಎಪ್ಪತ್ತೊಂದರಿಂದ ಒಂದು ಕಾಲುಚೀಲ ಇಲ್ಲೇ ಉಳಿದಿದೆ.
ಒಂಟಿ. ಹಿಮ್ಮಡಿಯಲ್ಲಿ ತೂತು.
ಒಗೆದಿಟ್ಟಿದ್ದೇನೆ.